ಬಿಟ್ಟು ಹೋಗುವ ಖರ್ಚು

ನಂಬರ್ ಬದಲಿಸದೆ ಸಿಮ್ ಕಂಪನಿಯನ್ನು ಮಾತ್ರ ಬದಲಿಸುವುದಕ್ಕೆ ನಾವು 'ಪೋರ್ಟ್ ಮಾಡಿಸುವುದು' ಎನ್ನುತ್ತೇವೆ. ಈ ಸೌಲಭ್ಯ ದೇಶದಾದ್ಯಂತ ಬಂದದ್ದು 2011ರ ಜನವರಿಯಲ್ಲಿ. ಅದಕ್ಕೂ ಮೊದಲು ನೆಟ್‌ವರ್ಕ್ ಎಷ್ಟೇ ಕೆಟ್ಟದಿದ್ದರೂ ಅಂಗಡಿಯವರು ಹಳೆಯ ಸಿಮ್ಮನ್ನೇ ಇಟ್ಟುಕೊಳ್ಳಬೇಕಿತ್ತು. ನಂಬರ್ ಹೋದರೆ ಗಿರಾಕಿಯೂ ಹೋದ ಹಾಗೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ತಗಲುವ ಹಣ, ಸಮಯ, ತೊಂದರೆ ಎಲ್ಲಕ್ಕೂ ಸೇರಿ ವಾಣಿಜ್ಯದಲ್ಲಿ 'ಸ್ವಿಚಿಂಗ್ ಕಾಸ್ಟ್' ಎನ್ನುತ್ತಾರೆ. ಇದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಇದು ನನಗೆ ಸರಿಯಾಗಿ ಅರ್ಥವಾದದ್ದು ಲೇಖನ ಉಳಿಸಿಡುವ ಆ್ಯಪ್‌ಗಳಿಂದ. ನೆಟ್‌ನಲ್ಲಿ ಒಳ್ಳೆಯ ಲೇಖನ ಸಿಕ್ಕಿದರೆ ಒಂದು ಬಟನ್ ಒತ್ತಿದರೆ ಸಾಕು, ಜಾಹೀರಾತು ತೆಗೆದು ಬರೀ ಬರಹವನ್ನು ಫೋನಿನಲ್ಲಿ ಇಟ್ಟುಕೊಡುತ್ತವೆ. ನೆಟ್ ಇಲ್ಲದಿದ್ದರೂ ಬಸ್ಸಿನಲ್ಲಿ ಕೂತು ಓದಬಹುದು. (ಉರ್ದು ಲೇಖನ ಮಾತ್ರ ನನ್ನ ಫೋನಿನಲ್ಲಿ ನಸ್ತಾಲಿಖ್ ಬದಲು ನಸ್ಖ್ ಅಕ್ಷರದಲ್ಲಿ ಬರುತ್ತದೆ. ಅಬ್ಬಾ ಅದನ್ನು ನೋಡಿ ಕನ್ನಡಕ ತೆಗೆದಿಟ್ಟುಬಿಡುತ್ತಾರೆ.)

ಇವುಗಳಲ್ಲಿ ಬಹಳ ಹೆಸರಾದದ್ದು ಪಾಕೆಟ್. ಅಮೆರಿಕದ ನೇಟ್ ವೀನರ್ 2007ರಲ್ಲಿ 'ರೀಡ್ ಇಟ್ ಲೇಟರ್' ಎಂಬ ಹೆಸರಿನಲ್ಲಿ ಇದನ್ನು ಶುರುಮಾಡಿದರು. 2012ರಲ್ಲಿ ಹೆಸರು ಪಾಕೆಟ್ ಆಯಿತು. 2017ರಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನ ಮೊಜಿಲ್ಲಾ ಇದನ್ನು ಕೊಂಡುಕೊಂಡಿತು. 2025ರ ಜುಲೈ 8ರಂದು ಮುಚ್ಚಿತು. ಬಳಕೆದಾರರು ತಮ್ಮ ಪಟ್ಟಿಯನ್ನು ಇಳಿಸಿಕೊಳ್ಳಲು ಕೆಲವು ತಿಂಗಳು ಸಮಯವನ್ನೇನೋ ಕೊಟ್ಟರು. ಆದರೆ ಆ ಫೈಲಿನಲ್ಲಿ ಸಿಗುತ್ತಿದ್ದದ್ದು ಲಿಂಕ್, ಶೀರ್ಷಿಕೆ ಮುಂತಾದವು. ಲೇಖನದ ಬರಹ ಇರಲಿಲ್ಲ. ಮೂಲ ವೆಬ್‌ಸೈಟ್ ಆ ಪುಟವನ್ನು ಅಳಿಸಿದ್ದರೆ ಲಿಂಕ್ ಇದ್ದೂ ಇಲ್ಲದ ಹಾಗೆ. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ, ಪುಸ್ತಕದಲ್ಲಿ ದಾಸ್ತಾನು ಬರೆದಿದೆ, ಗೋದಾಮಿನಲ್ಲಿ ಸರಕಿಲ್ಲ.

ಆಮ್ನಿವೋರ್ ಎಂಬ ಇನ್ನೊಂದು ಆ್ಯಪ್ ಪೂರ್ತಿ ಉಚಿತ, ಅದರ ಕೋಡ್ ಕೂಡ ಎಲ್ಲರಿಗೂ ಮುಕ್ತವಾಗಿತ್ತು. ಅದರ ತಂಡ ಇಲೆವೆನ್‌ಲ್ಯಾಬ್ಸ್ ಕಂಪನಿ ಸೇರಿದ ಮೇಲೆ 2024ರ ನವೆಂಬರ್‌ನಲ್ಲಿ ಸೇವೆ ನಿಂತುಹೋಯಿತು. ಕೋಡ್ ಉಚಿತವಾದರೂ ಸರ್ವರ್ ಖರ್ಚನ್ನು ಯಾರಾದರೂ ಕೊಡಲೇಬೇಕಲ್ಲ.

ಇನ್ನು ಫೋನಿನ ವಿಷಯ. ಅರ್ಥಶಾಸ್ತ್ರದಲ್ಲಿ ಪೂರಕ ಸರಕು ಎಂದರೆ ಟೀ ಮತ್ತು ಸಕ್ಕರೆ ಎಂದು ಬರೆಯುತ್ತೇವೆ. ಫೋನ್ ಮತ್ತು ಆ್ಯಪ್ ಕೂಡ ಹಾಗೇ. ಇನ್‌ಸ್ಟಾಪೇಪರ್ 2008ರಲ್ಲೇ ಬಂದಿದ್ದರೂ ಆಂಡ್ರಾಯ್ಡ್‌ಗೆ ಅದರ ಆ್ಯಪ್ ಬಂದದ್ದು 2012ರಲ್ಲಿ. ಐಫೋನ್ ಇದ್ದವರಿಗೆ ಅಷ್ಟು ಕಾಯುವ ಕೆಲಸ ಇರಲಿಲ್ಲ. ವಿಂಡೋಸ್ ಫೋನ್ ಕೊಂಡವರ ಪಾಡು ಇನ್ನೂ ಕಷ್ಟ. ಜನ ಕಡಿಮೆ ಎಂದು ಆ್ಯಪ್ ಮಾಡುವವರು ಬರಲಿಲ್ಲ, ಆ್ಯಪ್ ಇಲ್ಲವೆಂದು ಜನ ಬರಲಿಲ್ಲ. 2019ರ ಕೊನೆಗೆ ವಾಟ್ಸಾಪ್ ಕೂಡ ಅದನ್ನು ಬಿಟ್ಟಿತು.

ಫೋನಿನ ಜೊತೆಗೇ ಬರುವ ಸೌಲಭ್ಯದಲ್ಲೂ ಈ ಲೆಕ್ಕ ಇದೆ. ಆಪಲ್‌ನ ಸಫಾರಿಯಲ್ಲಿ ರೀಡಿಂಗ್ ಲಿಸ್ಟ್ ಚೆನ್ನಾಗಿದೆ, ಆದರೆ ಅದು ಆಪಲ್ ಸಾಧನಗಳ ನಡುವೆ ಮಾತ್ರ ಓಡಾಡುತ್ತದೆ. ಕ್ರೋಮ್‌ನ ರೀಡಿಂಗ್ ಲಿಸ್ಟ್ ಗೂಗಲ್ ಖಾತೆಯಲ್ಲಿ ಸಿಂಕ್ ಮಾಡಿದ್ದರೆ ಆಂಡ್ರಾಯ್ಡ್, ಐಫೋನ್, ಕಂಪ್ಯೂಟರ್ ಮೂರರಲ್ಲೂ ಸಿಗುತ್ತದೆ. ನಮ್ಮಲ್ಲಿ ಹಲವರದ್ದು ಅಣ್ಣನೋ ಆಪಾನೋ ಬಳಸಿ ಕೊಟ್ಟ ಫೋನ್. ನಾಳೆ ಯಾವ ಫೋನ್ ಕೈಗೆ ಬರುತ್ತದೋ ಗೊತ್ತಿಲ್ಲ. ಹಾಗಾಗಿ ನನಗೆ ಎರಡನೆಯದೇ ವಾಸಿ ಎನಿಸುತ್ತದೆ.

ನಾನು ಇದನ್ನೆಲ್ಲ ತಡವಾಗಿ ಯೋಚಿಸಿದೆ. ಹಳೆಯ ಫೋನಿನಲ್ಲಿ ಲಾಗಿನ್ ಆಗದೆಯೇ ಪ್ರಾಜೆಕ್ಟ್‌ಗೆಂದು ಲೇಖನಗಳನ್ನು ಉಳಿಸುತ್ತಿದ್ದೆ. ಫೋನ್ ನೀರಿನ ಬಕೆಟ್‌ಗೆ ಬಿತ್ತು, ಪಟ್ಟಿಯೂ ಹೋಯಿತು. ಯಾರನ್ನು ದೂರಲಿ? ಆ ಭಾನುವಾರವೆಲ್ಲ ಅದೇ ಲೇಖನಗಳನ್ನು ಮತ್ತೆ ಹುಡುಕಿದೆ. ಒಂಬತ್ತರಲ್ಲಿ ಆರು ಸಿಕ್ಕಿದವು. ಸಿಗದ ಮೂರರಲ್ಲಿ ಒಂದು ಜಿಎಸ್‌ಟಿಯ ಮೇಲಿನದು, ನನ್ನ ಪ್ರಾಜೆಕ್ಟಿನ ವಿಷಯವೇ ಅದು.

ಈಗ ಹೊಸ ಆ್ಯಪ್ ಹಾಕಿದರೆ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ 'ಎಕ್ಸ್‌ಪೋರ್ಟ್' ಎಲ್ಲಿದೆ ಎಂದು ನೋಡುತ್ತೇನೆ. ಪರೀಕ್ಷೆಗೆ ಬೇಕಾದ ಲೇಖನವನ್ನು ಪ್ರಿಂಟ್‌ಗೆ ಹೋಗಿ ಪಿಡಿಎಫ್ ಮಾಡಿ ನನಗೇ ಇಮೇಲ್ ಕಳಿಸಿಕೊಳ್ಳುತ್ತೇನೆ. ಅರ್ಧ ನಿಮಿಷದ ಕೆಲಸ.