ದೊಡ್ಡಪ್ಪನ ಪಂಚೆಯ ಅಂಚು

ಪ್ರಿಂಟನ್ನು ಕೈಗೆ ಕೊಟ್ಟಾಗ ದೊಡ್ಡಪ್ಪ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ನನ್ನ ಪಂಚೆಯ ಅಂಚು ಎಲ್ಲಿ ಹೋಯ್ತು ಮಾರಾಯ?"

ದೀಪಾವಳಿಯ ದಿನ ಮಧ್ಯಾಹ್ನ, ತೀರ್ಥಹಳ್ಳಿ ಹತ್ತಿರದ ಅವರ ಮನೆಯಂಗಳದಲ್ಲಿ ತೆಗೆದ ಚಿತ್ರ ಅದು. ಅವರು ಉಟ್ಟಿದ್ದು ಎರಡು ಬೆರಳಗಲದ ಜರಿಯಂಚಿನ ಪಂಚೆ. ಮಗಳ ಮದುವೆಗೆಂದು ತಂದದ್ದು, ಹಬ್ಬಕ್ಕೆ ಮಾತ್ರ ಪೆಟ್ಟಿಗೆಯಿಂದ ಹೊರಬರುವಂಥದ್ದು. ಪ್ರಿಂಟಿನಲ್ಲಿ ಮುಖ ಚೆನ್ನಾಗಿ ಬಂದಿತ್ತು, ಹಿಂದಿನ ಅಡಿಕೆ ತೋಟದ ಕತ್ತಲೂ ಚೆನ್ನಾಗಿ ಬಂದಿತ್ತು. ಸೊಂಟದಿಂದ ಕೆಳಗೆ ಮಾತ್ರ ಬರೀ ಬಿಳಿ ಕಾಗದ. ನೆರಿಗೆ ಇಲ್ಲ, ಅಂಚಿಲ್ಲ. ಆ ಅಂಚನ್ನು ಚಿತ್ರದೊಳಗೆ ತರಲು ನನಗೆ ಹತ್ತು ತಿಂಗಳು ಹಿಡಿಯಿತು. ಕಪ್ಪು-ಬಿಳುಪು ಚಿತ್ರವನ್ನು ತಿದ್ದುವ ಬಗ್ಗೆ ನಾನು ಕಲಿತದ್ದರಲ್ಲಿ ಬಹುಪಾಲು ಆ ಹತ್ತು ತಿಂಗಳಲ್ಲಿ ಕಲಿತದ್ದು.

ನನ್ನ ಕ್ಯಾಮೆರಾ ಪೆಂಟಾಕ್ಸ್ ಕೆ-3 ಮಾರ್ಕ್ 3 ಮೊನೊಕ್ರೋಮ್. 2023ರಲ್ಲಿ ಬಂದ ಮಾದರಿ. ಅಮೆರಿಕದಲ್ಲಿರುವ ತಂಗಿಯ ಗಂಡ ಊರಿಗೆ ಬರುವಾಗ ತಂದುಕೊಟ್ಟರು. ಇದರಲ್ಲಿ ಬಣ್ಣದ ಚಿತ್ರ ತೆಗೆಯಲು ಆಗುವುದೇ ಇಲ್ಲ. ಇಂಥ ಕ್ಯಾಮೆರಾ ಹೊಸತೇನಲ್ಲ. ಲೈಕಾ ಕಂಪನಿ 2012ರಲ್ಲೇ 18 ಮೆಗಾಪಿಕ್ಸೆಲ್‌ನ ಎಂ ಮೊನೊಕ್ರೋಮ್ ತಂದಿತ್ತು. "ಎಲ್ಲ ಕ್ಯಾಮೆರಾದಲ್ಲೂ ಒಂದು ಬಟನ್ ಒತ್ತಿದರೆ ಕಪ್ಪು-ಬಿಳುಪು ಬರುತ್ತಲ್ಲ, ಇದಕ್ಕೆ ಯಾಕೆ ಅಷ್ಟು ದುಡ್ಡು?" ಎಂದು ಕೇಳದವರಿಲ್ಲ. ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಇರುವುದು ಸೆನ್ಸರಿನಲ್ಲಿ.

ಸೆನ್ಸರಿಗೆ ಬಣ್ಣ ಗೊತ್ತಿಲ್ಲ. ಪ್ರತಿ ಚುಕ್ಕಿಯ ಮೇಲೆ ಎಷ್ಟು ಬೆಳಕು ಬಿತ್ತು ಎನ್ನುವುದಷ್ಟೇ ಅದಕ್ಕೆ ಗೊತ್ತು. ಬಣ್ಣ ಬರಲಿ ಎಂದು ಆ ಚುಕ್ಕಿಗಳ ಮೇಲೆ ಸಣ್ಣ ಸಣ್ಣ ಬಣ್ಣದ ಫಿಲ್ಟರ್ ಕೂರಿಸುತ್ತಾರೆ. ನಾಲ್ಕು ಚುಕ್ಕಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್‌ನಲ್ಲಿದ್ದ ಬ್ರೈಸ್ ಬೇಯರ್ ಎಂಬ ವಿಜ್ಞಾನಿಗೆ ಹೊಳೆದ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತು ನಮ್ಮ ಜೇಬಿನ ಮೊಬೈಲ್‌ನಲ್ಲಿರುವುದೂ ಬಹುತೇಕ ಅದೇ. ಒಂದು ಚುಕ್ಕಿ ಒಂದೇ ಬಣ್ಣ ನೋಡುತ್ತದೆ, ಉಳಿದ ಎರಡನ್ನು ಅಕ್ಕಪಕ್ಕದ ಚುಕ್ಕಿಗಳಿಂದ ಲೆಕ್ಕ ಹಾಕಿ ತುಂಬುತ್ತಾರೆ. ಮೊನೊಕ್ರೋಮ್ ಕ್ಯಾಮೆರಾದಲ್ಲಿ ಈ ಬಣ್ಣದ ಪದರವೇ ಇಲ್ಲ. ಬೆಳಕು ಸೋಸದೆ ನೇರವಾಗಿ ಬೀಳುತ್ತದೆ, ಲೆಕ್ಕ ಹಾಕಿ ತುಂಬುವ ಕೆಲಸವಿಲ್ಲ. ಹಾಗಾಗಿ ಚಿತ್ರ ಹೆಚ್ಚು ಚೂಪಾಗಿರುತ್ತದೆ, ಕತ್ತಲೆಯಲ್ಲಿ ಹೆಚ್ಚು ಕಾಣುತ್ತದೆ.

ಇದೆಲ್ಲ ಓದಿ ತಿಳಿದುಕೊಂಡೇ ಕ್ಯಾಮೆರಾ ತರಿಸಿದ್ದೆ. ಕಳೆದುಕೊಳ್ಳುವುದು ಏನು ಎನ್ನುವುದನ್ನು ಕಲಿಸಿದ್ದು ಪಂಚೆ.

ಬಣ್ಣದ ಕ್ಯಾಮೆರಾದಲ್ಲಿ ಬಿಳಿ ಭಾಗ ಸ್ವಲ್ಪ ಸುಟ್ಟರೂ, ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಇಟ್ಟುಕೊಳ್ಳುವ ರಾ ಫೈಲ್‌ನಿಂದ ಎಳೆದು ತರಬಹುದು. ಬಿಸಿಲಿನಲ್ಲಿ ಸಾಮಾನ್ಯವಾಗಿ ಹಸಿರು ಮೊದಲು ತುಂಬಿಹೋಗುತ್ತದೆ, ಕೆಂಪಿನಲ್ಲೋ ನೀಲಿಯಲ್ಲೋ ಇನ್ನೂ ಏನಾದರೂ ಉಳಿದಿರುತ್ತದೆ. ತಂತ್ರಾಂಶ ಅದನ್ನು ಹಿಡಿದು ಉಳಿದದ್ದನ್ನು ಕಟ್ಟಿಕೊಡುತ್ತದೆ. ವರ್ಷಗಟ್ಟಲೆ ನಾನು ಆ ಅನುಕೂಲದಲ್ಲೇ ಬೆಳೆದವನು. ಇಲ್ಲಿ ಇರುವುದು ಒಂದೇ ಪಾತ್ರೆ. ಅದು ತುಂಬಿ ಚೆಲ್ಲಿದರೆ ಮುಗಿಯಿತು, ಪಕ್ಕದಲ್ಲಿ ಇನ್ನೊಂದು ಇಲ್ಲ. ಅವತ್ತು ಚಿತ್ರ ತಿದ್ದುವ ಲೈಟ್‌ರೂಮ್‌ನಲ್ಲಿ ಹೈಲೈಟ್ಸ್ ಸ್ಲೈಡರನ್ನು ತಳಕ್ಕೆ ಎಳೆದೆ. ಪಂಚೆ ಬಿಳಿಯಿಂದ ಬೂದಿಗೆ ತಿರುಗಿತೇ ಹೊರತು ಒಂದೇ ಒಂದು ನೆರಿಗೆ ಏಳಲಿಲ್ಲ. ಸುಣ್ಣ ಬಳಿದ ಗೋಡೆಗೆ ಬೂದಿ ಎರಚಿದ ಹಾಗಾಯಿತು.

ಅಂದಿನಿಂದ ಚೌಕಟ್ಟಿನಲ್ಲಿರುವ ಅತ್ಯಂತ ಬೆಳ್ಳನೆಯ ವಸ್ತುವನ್ನು ಮೊದಲು ಹುಡುಕುವುದು ನನ್ನ ರೂಢಿಯಾಯಿತು. ಪಂಚೆಯೋ ಮೋಡವೋ ದೇವಸ್ಥಾನದ ಸುಣ್ಣದ ಪಟ್ಟೆಯೋ, ಅದು ಸುಡದ ಹಾಗೆ ಎಕ್ಸ್‌ಪೋಷರನ್ನು ಮುಕ್ಕಾಲೋ ಒಂದೋ ಸ್ಟಾಪ್ ಇಳಿಸುತ್ತೇನೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ). ಕ್ಯಾಮೆರಾದ ಹಿಂಬದಿಯಲ್ಲಿ ಚಿತ್ರ ಮಂಕಾಗಿ, ಅರ್ಧ ಕತ್ತಲಾಗಿ ಕಾಣುತ್ತದೆ. ಅದಕ್ಕೆ ಹೆದರಬಾರದು. ಈ ಸೆನ್ಸರಿನ ನೆರಳಿನಲ್ಲಿ ಅಡಗಿರುವ ವಿವರ ನಂಬಲಾಗದಷ್ಟು. ಮೂರು ಸ್ಟಾಪ್ ಎತ್ತಿದರೂ ಬಣ್ಣದ ಕಲೆಗಳು ಏಳುವುದಿಲ್ಲ, ಏಕೆಂದರೆ ಅಲ್ಲಿ ಬಣ್ಣವೇ ಇಲ್ಲ. ಸಣ್ಣ ರವೆ ಉದುರಿಸಿದಂಥ ಗ್ರೇನ್ ಮಾತ್ರ ಕಾಣುತ್ತದೆ, ಅದು ಕಣ್ಣಿಗೆ ಹಿತವೇ.

ಆ ಚಳಿಗಾಲ ಅಡಿಕೆ ಸುಲಿಯುವ ದಿನಗಳಲ್ಲಿ ಮತ್ತೆ ಹೋದೆ. ರಾತ್ರಿ ಒಂಬತ್ತರ ಮೇಲೆ ಅಂಗಳದ ಚಪ್ಪರದಡಿ ಒಂದೇ ಬಲ್ಬು, ಅದರ ಕೆಳಗೆ ಏಳೆಂಟು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಅಂಗಳದ ತುದಿಯಲ್ಲಿ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು, ಅದರ ಹಬೆ ಬಲ್ಬಿನ ಕಡೆಗೆ ಹಾಯುತ್ತಿತ್ತು. ಐಎಸ್‌ಒ 12,800. ಬಣ್ಣದ ಕ್ಯಾಮೆರಾದಲ್ಲಿ ನಾನು ಆ ಅಂಕಿಯ ಹತ್ತಿರವೂ ಹೋಗುತ್ತಿರಲಿಲ್ಲ. ಇಲ್ಲಿ ಕತ್ತಿಯ ಬಾಯಿ, ಸಿಪ್ಪೆಯ ನಾರು, ಚೊಗರು ಹತ್ತಿ ಕಪ್ಪಾದ ಬೆರಳ ತುದಿ ಎಲ್ಲವೂ ಬಂದವು. ಕ್ಯಾಮೆರಾಕ್ಕೆ ಕೊಟ್ಟ ದುಡ್ಡು ಆ ಒಂದು ರಾತ್ರಿಗೆ ಸಂದಿತು ಎಂದು ಇವತ್ತಿಗೂ ಅನ್ನಿಸುತ್ತದೆ.

ಆದರೆ ಅದೇ ರಾತ್ರಿಯ ಇನ್ನೊಂದು ಚಿತ್ರ ಸೋತಿತು. ಕೆಂಪು ಸೀರೆಯುಟ್ಟ ಹೆಂಗಸಿನ ಮಡಿಲ ಮುಂದೆ ಹಸಿರು ಅಡಿಕೆಯ ರಾಶಿ. ಕಣ್ಣಿಗೆ ಎಷ್ಟು ಚಂದವಿತ್ತೆಂದರೆ ಹತ್ತು ಸಲ ಕ್ಲಿಕ್ಕಿಸಿದೆ. ಮನೆಗೆ ಬಂದು ತೆರೆದರೆ ಸೀರೆ ಎಲ್ಲಿ ಮುಗಿಯಿತು, ರಾಶಿ ಎಲ್ಲಿ ಶುರುವಾಯಿತು ಗೊತ್ತಾಗದಷ್ಟು ಎರಡೂ ಒಂದೇ ಬೂದು. ಬಣ್ಣದ ಫೈಲ್ ಆಗಿದ್ದರೆ ಕೆಂಪಿನ ಸ್ಲೈಡರ್ ಇಳಿಸಿ, ಹಸಿರಿನದು ಏರಿಸಿ ಒಂದು ನಿಮಿಷದಲ್ಲಿ ಬೇರ್ಪಡಿಸಬಹುದಿತ್ತು. ಈ ಫೈಲ್‌ಗೆ ಕೆಂಪು ಯಾವುದು ಹಸಿರು ಯಾವುದು ಎನ್ನುವುದು ಹುಟ್ಟಿನಿಂದಲೇ ತಿಳಿಯದು. ಬೇರ್ಪಡಿಸುವುದಿದ್ದರೆ ಕ್ಲಿಕ್ಕಿಸುವ ಮುಂಚೆ, ಲೆನ್ಸಿನ ಮುಂದೆ ಬಣ್ಣದ ಗಾಜು ಹಾಕಿ ಬೇರ್ಪಡಿಸಬೇಕು. ಹಸಿರು ಫಿಲ್ಟರ್ ಇದ್ದಿದ್ದರೆ ರಾಶಿ ಬೆಳಗಿ ಸೀರೆ ಕಪ್ಪಾಗುತ್ತಿತ್ತು. ಕೆಂಪಿದ್ದಿದ್ದರೆ ಅದರ ತದ್ವಿರುದ್ಧ.

ಫಿಲ್ಟರ್ ತರಿಸಿದೆ: ಹಳದಿ, ಕಿತ್ತಳೆ, ಕೆಂಪು, ಹಸಿರು. ಹಳದಿ ಸುಮಾರು ಒಂದು ಸ್ಟಾಪ್ ಬೆಳಕು ತಿನ್ನುತ್ತದೆ, ಕಿತ್ತಳೆ ಎರಡು, ಕೆಂಪು ಮೂರು. ಯುಗಾದಿಗೆ ಹಳದಿ ಹಾಕಿಕೊಂಡೇ ದೊಡ್ಡಪ್ಪನನ್ನು ಮತ್ತೆ ಅಂಗಳಕ್ಕೆ ಕರೆದೆ. ಎಕ್ಸ್‌ಪೋಷರ್ ಇಳಿಸಿದ್ದೆ. ನೀಲಿ ಆಕಾಶ ಗಾಢವಾಗಿ ಬಂತು, ಮುಖದ ಬಣ್ಣ ತಿಳಿಯಾಯಿತು, ಪಂಚೆಯ ಒಂದೊಂದು ನೆರಿಗೆಯೂ ಎಣಿಸುವಷ್ಟು ಸ್ಪಷ್ಟ.

ಅಂಚು ಮಾತ್ರ ಇರಲಿಲ್ಲ.

ಅವತ್ತು ರಾತ್ರಿ ಪರದೆಯ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತ ಕೂತಾಗ ತಪ್ಪು ಹೊಳೆಯಿತು. ಫಿಲ್ಟರ್ ತನ್ನ ಬಣ್ಣದ ವಸ್ತುವನ್ನು ಬೆಳ್ಳಗೆ ಮಾಡುತ್ತದೆ, ಎದುರು ಬಣ್ಣವನ್ನು ಕಪ್ಪು ಮಾಡುತ್ತದೆ. ಜರಿ ಹಳದಿ. ಹಳದಿ ಗಾಜಿನ ಹಿಂದಿನಿಂದ ನೋಡಿದರೆ ಜರಿಯೂ ಬಿಳಿ ಬಟ್ಟೆಯೂ ಒಂದೇ. ಆಕಾಶ ಚಂದ ಮಾಡಲು ಹೋಗಿ ಅಂಚನ್ನು ನನ್ನ ಕೈಯಾರೆ ಅಳಿಸಿದ್ದೆ. ಯಾವ ಬೂದು ಎಲ್ಲಿರಬೇಕು ಎನ್ನುವುದು ತೀರ್ಮಾನವಾಗದೆ ಫಿಲ್ಟರ್ ಹಾಕುವುದೂ ಒಂದೇ, ಕಣ್ಣು ಮುಚ್ಚಿ ಸ್ಲೈಡರ್ ಎಳೆಯುವುದೂ ಒಂದೇ.

ಆಮೇಲೆ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ರೂಪಿಸಿದ ಜೋನ್ ಪದ್ಧತಿಯನ್ನು ಶ್ರದ್ಧೆಯಿಂದ ಓದಿದೆ. ಕಡುಕಪ್ಪಿಗೆ ಸೊನ್ನೆ, ಅಚ್ಚಬಿಳಿಗೆ ಹತ್ತು, ನಟ್ಟನಡುವಿನ ಬೂದಿಗೆ ಐದು. ಮೂರರಲ್ಲಿ ವಿವರವಿರುವ ಕತ್ತಲೆ, ಎಂಟರಲ್ಲಿ ನೇಯ್ಗೆ ಕಾಣುವ ಬಿಳಿ. ಚಿತ್ರ ತೆಗೆಯುವ ಮುಂಚೆಯೇ ಪ್ರತಿ ವಸ್ತುವಿಗೂ ಮನಸ್ಸಿನಲ್ಲಿ ಒಂದು ಅಂಕಿ ಕೊಡಬೇಕು. ಒಂದು ಮಾತು ಇಲ್ಲಿ ಹೇಳಲೇಬೇಕು. ಆಡಮ್ಸ್ ಬಿಳಿಯರ ಚರ್ಮವನ್ನು ಆರರಲ್ಲಿ ಕೂರಿಸಿದರು. ನಮ್ಮಲ್ಲಿ ಅದನ್ನೇ ಕಣ್ಣಿಗೊತ್ತಿಕೊಂಡು ತೋಟದಲ್ಲಿ ದುಡಿದವರ ಮುಖವನ್ನೂ ಆರಕ್ಕೆ ಎತ್ತಿಬಿಡುವವರು ಬಹಳ ಮಂದಿ. ದೊಡ್ಡಪ್ಪನ ಮುಖದ ಜಾಗ ನಾಲ್ಕು ಮತ್ತು ಐದರ ನಡುವೆ. ಅಲ್ಲಿಟ್ಟರೆ ಮಾತ್ರ ಅದು ದೊಡ್ಡಪ್ಪನ ಮುಖ.

ದೊಡ್ಡಪ್ಪನ ಚಿತ್ರವನ್ನು ಮೂರನೆಯ ಸಲ ತೆಗೆದದ್ದು ಚೌತಿಗೆ. ಹೊರಗೆ ಮಳೆ ಹಿಡಿದಿತ್ತು. ಈ ಸಲ ಅಂಗಳ ಬಿಟ್ಟು ಜಗಲಿಯಲ್ಲಿ, ಅಂಗಳದ ಬೆಳಕು ಒಂದು ಮಗ್ಗುಲಿಂದ ಬೀಳುವ ಹಾಗೆ ಕೂರಿಸಿದೆ. ಫಿಲ್ಟರ್ ತೆಗೆದಿಟ್ಟೆ. ಮುಖದ ಇನ್ನೊಂದು ಮಗ್ಗುಲು ತೀರಾ ಕಪ್ಪಾಗುತ್ತಿತ್ತು. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ 'ಕಾಗಜ್ ಕೆ ಫೂಲ್' ಚಿತ್ರಕ್ಕಾಗಿ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಸ್ಟುಡಿಯೋದೊಳಗೆ ಹಾಯಿಸಿದ್ದು ನೆನಪಾಯಿತು. ಮಳೆಗಾಲದ ಬೆಳಕಿಗೆ ಕನ್ನಡಿ ಬೇಕಿರಲಿಲ್ಲ. ಗಣಪತಿ ಮಂಟಪಕ್ಕೆ ತಂದು ಉಳಿದಿದ್ದ ಥರ್ಮೊಕೋಲ್ ಹಾಳೆಯೊಂದನ್ನು ಅಣ್ಣನ ಮಗಳು ಪಕ್ಕದಲ್ಲಿ ಎತ್ತಿ ಹಿಡಿದಳು. ಕೆನ್ನೆ ನಿಧಾನವಾಗಿ ಬೆಳಗಿತು.

ಆ ಫೈಲನ್ನು ತಿದ್ದಲು ನನಗೆ ಹಿಡಿದದ್ದು ಇಪ್ಪತ್ತು ನಿಮಿಷ. ತೆರೆದಾಗ ಇಡೀ ಚಿತ್ರ ಬೂದುಬೂದಾಗಿ ಸಪ್ಪೆಯಾಗಿತ್ತು. ಈ ಕ್ಯಾಮೆರಾದ ಒಳ್ಳೆಯ ಫೈಲ್ ಇರುವುದೇ ಹಾಗೆ. ಮೊದಲು ಕಪ್ಪಿನ ತಳ ಗೊತ್ತುಮಾಡಿಕೊಂಡೆ. ಕಂಬದ ಹಿಂದಿನ ಬಾಗಿಲ ಸಂದು ಪೂರ್ತಿ ಕಪ್ಪಾಗಲಿ, ಉಳಿದೆಲ್ಲ ಕಡೆ ಏನಾದರೂ ಕಾಣಲಿ ಎಂದು. ಆಮೇಲೆ ಕರ್ವ್‌ನಲ್ಲಿ ನಡುಭಾಗವನ್ನು ತುಸು ಎತ್ತಿದೆ. ಪಂಚೆಗೆ ಬೇರೆ ಮಾಸ್ಕ್ ಹಾಕಿ ಕಾಂಟ್ರಾಸ್ಟ್ ಸ್ವಲ್ಪ ಹೆಚ್ಚಿಸಿದೆ. ಬಟ್ಟೆ ಎಂಟರಲ್ಲಿ ನಿಂತಿತು, ಜರಿ ಆರಕ್ಕೆ ಇಳಿಯಿತು. ಎಡಗಣ್ಣಿನ ಸುತ್ತ ಬ್ರಷ್‌ನಿಂದ ಅರ್ಧ ಸ್ಟಾಪಿಗಿಂತ ಕಡಿಮೆ ಬೆಳಕು ಕೊಟ್ಟೆ, ಚಿತ್ರದ ಮೂಲೆಗಳನ್ನು ಅಷ್ಟೇ ಕತ್ತಲು ಮಾಡಿದೆ. ಹಿಂದೆ ಡಾರ್ಕ್‌ರೂಮಿನವರು ಎನ್‌ಲಾರ್ಜರ್ ಬೆಳಕಿಗೆ ಅಂಗೈ ಅಡ್ಡ ಹಿಡಿದು ಮಾಡುತ್ತಿದ್ದ ಕೆಲಸವೇ ಇದು.

ಮಾಡದೆ ಬಿಟ್ಟದ್ದೂ ಮುಖ್ಯ. ತಂತ್ರಾಂಶ ತಾನಾಗಿಯೇ ಸೇರಿಸುವ ಶಾರ್ಪನಿಂಗನ್ನು ತೆಗೆದುಹಾಕಿದೆ. ಬಣ್ಣದ ಪದರವಿಲ್ಲದ ಸೆನ್ಸರಿಗೆ ಅದರ ಅಗತ್ಯ ತೀರಾ ಕಡಿಮೆ, ಹಾಕಿದರೆ ಕೂದಲು ತಂತಿಯಂತಾಗುತ್ತದೆ. ಕ್ಲಾರಿಟಿ ಮುಟ್ಟಲಿಲ್ಲ. ವಯಸ್ಸಾದವರ ಮುಖ ಕಂಡರೆ ಕ್ಲಾರಿಟಿ ಏರಿಸಿ ಸುಕ್ಕುಗಳನ್ನು ಕೊರೆದಿಡುವುದು ಈಗ ಎಲ್ಲ ಕಡೆ ಕಾಣುತ್ತದೆ. ನನಗದು ಒಪ್ಪಿಗೆಯಿಲ್ಲ. ಎದುರು ಕೂತಾಗ ನಾವು ಅವರ ಸುಕ್ಕು ಎಣಿಸುವುದಿಲ್ಲ.

ಪ್ರಿಂಟ್ ಮತ್ತೊಂದು ಪಾಠ ಕಲಿಸಿತು. ಮೊದಲ ಪ್ರತಿ ಪರದೆಯಲ್ಲಿ ಕಂಡದ್ದಕ್ಕಿಂತ ಬಹಳ ಕಪ್ಪಾಗಿ ಬಂತು. ಪರದೆ ತಾನೇ ಬೆಳಗುತ್ತದೆ, ಕಾಗದ ಹಾಗಲ್ಲ. ಕೋಣೆಯ ಬೆಳಕೇ ಅದಕ್ಕೆ ಗತಿ. ಮಾನಿಟರಿನ ಬೆಳಕನ್ನು ಅರ್ಧಕ್ಕಿಂತ ಕೆಳಗಿಳಿಸಿ ಮತ್ತೆ ನೋಡಿದೆ. ಮುಖ ಮತ್ತು ಪಂಚೆ ಎರಡೂ ಇರುವ ಒಂದು ಪಟ್ಟಿಯನ್ನಷ್ಟೇ ಮೂರು ಬೇರೆ ಬೇರೆ ಬೆಳಕಿನಲ್ಲಿ ಸಣ್ಣದಾಗಿ ಪ್ರಿಂಟ್ ತೆಗೆಸಿ, ಕಿಟಕಿ ಪಕ್ಕ ಹಿಡಿದು, ನಡುವಿನದನ್ನು ಆರಿಸಿದೆ. ಪರದೆ ನೋಡಿ ಚಿತ್ರ ಮುಗಿಯಿತು ಎಂದು ಈಗ ನಾನು ಹೇಳುವುದಿಲ್ಲ.

ಮದುವೆ-ಮುಂಜಿಗಳ ಫೋಟೊ ತೆಗೆಯುವವರು ಈ ಕ್ಯಾಮೆರಾ ಕೊಳ್ಳಬೇಕೇ ಎಂದು ಕೇಳಿದರೆ ಬೇಡ ಎನ್ನುತ್ತೇನೆ. ಬಣ್ಣದ ಫೈಲಿನಿಂದ ಒಳ್ಳೆಯ ಕಪ್ಪು-ಬಿಳುಪು ಮಾಡಬಹುದು, ತಪ್ಪಾದರೆ ಮನೆಗೆ ಬಂದು ತಿದ್ದಿಕೊಳ್ಳಬಹುದು. ಆದರೆ ವಾರಕ್ಕೊಂದು ಚಿತ್ರ ಸಾಕು, ಅದನ್ನು ಕೂತು ಮಾಡುತ್ತೇನೆ ಎನ್ನುವವರು ಒಮ್ಮೆ ಯಾರಿಂದಲಾದರೂ ಎರವಲು ಪಡೆದು ನೋಡಿ. ಮನೆಯ ಹಿರಿಯರೊಬ್ಬರನ್ನು ಬಿಳಿ ಬಟ್ಟೆಯಲ್ಲಿ ಜಗಲಿಯಲ್ಲಿ ಕೂರಿಸಿ, ಬಟ್ಟೆಯ ನೇಯ್ಗೆ ಉಳಿಯುವ ಹಾಗೆ ಒಂದು ಚಿತ್ರ ತೆಗೆಯಿರಿ. ಪ್ರಿಂಟ್ ಮಾಡಿಸಿ ಅವರ ಕೈಗೇ ಕೊಡಿ.

ದೊಡ್ಡಪ್ಪ ಈ ಸಲವೂ ಕನ್ನಡಕ ಒರೆಸಿಕೊಂಡೇ ನೋಡಿದರು. ಹೆಬ್ಬೆರಳಿನಿಂದ ಅಂಚಿನ ಗುಂಟ ಮೇಲಿಂದ ಕೆಳಗೆ ಸವರಿ, "ಹ್ಞಾಂ, ಇದು ಸರಿ" ಎಂದರು. ಆ ಚಿತ್ರ ಈಗ ಅವರ ಜಗಲಿಯ ಗೋಡೆಯ ಮೇಲೆ, ಪಂಚಾಂಗ ತೂಗುಹಾಕುವ ಮೊಳೆಯ ಪಕ್ಕದಲ್ಲಿದೆ.