ಅಧಿಕಪ್ರವಾಹ ರಕ್ಷಣೆ: ಥೈರಿಸ್ಟರಿನ ಸ್ವಯಂಚಾಲಿತ ರೀಸೆಟ್ ಎಲ್ಲಿ ಹಿತ, ಎಲ್ಲಿ ಅಪಾಯ

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳ ಗೋಡಂಬಿ ಕಾರ್ಖಾನೆ ಮತ್ತು ಅಕ್ಕಿ ಗಿರಣಿಗಳಲ್ಲಿ ಬಣ್ಣ ವಿಂಗಡಿಸುವ ಯಂತ್ರ, ಎಲೆಕ್ಟ್ರಾನಿಕ್ ತಕ್ಕಡಿ, ಪ್ಯಾಕಿಂಗ್ ಯಂತ್ರಗಳು ಇಂದು ಅಪರೂಪವಲ್ಲ. ಇವುಗಳ ನಿಯಂತ್ರಣ ಭಾಗಕ್ಕೆ ಬೇಕಾದ 12 ಅಥವಾ 24 ವೋಲ್ಟಿನ ಏಕಮುಖ ವಿದ್ಯುತ್ತನ್ನು ಪವರ್ ಸಪ್ಲೈ ಘಟಕವು ಒದಗಿಸುತ್ತದೆ. ಉಪ್ಪುಗಾಳಿ ಮತ್ತು ಮಳೆಗಾಲದ ತೇವದಿಂದ ತಂತಿಯ ಜೋಡಣೆಗಳು ಕಿಲುಬು ಹಿಡಿದು ಶಾರ್ಟ್ ಆದಾಗ ಮೊದಲು ಪೆಟ್ಟು ಬೀಳುವುದು ಈ ಘಟಕಕ್ಕೇ. ಹಳೆಯ ಮಾದರಿಯ ಹಾಗೂ ಸ್ಥಳೀಯವಾಗಿ ಜೋಡಿಸಿದ ಅನೇಕ ಘಟಕಗಳಲ್ಲಿ ಇದರ ರಕ್ಷಣೆಯ ಹೊಣೆಯನ್ನು ಥೈರಿಸ್ಟರಿಗೆ ವಹಿಸಲಾಗಿರುತ್ತದೆ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯು 1957ರಲ್ಲಿ ಹೊರತಂದ ಈ ಸಾಧನದ ಗುಣವೇ ಅದರ ತೊಡಕೂ ಆಗಿದೆ. ಗೇಟಿಗೆ ಕ್ಷಣಮಾತ್ರ ಸಂಜ್ಞೆ ದೊರೆತರೆ ಸಾಕು, ಅದು ವಹನ ಆರಂಭಿಸುತ್ತದೆ. ಸಂಜ್ಞೆ ಹೋದರೂ ನಿಲ್ಲದು. ಅದರ ಮೂಲಕ ಹರಿಯುವ ಪ್ರವಾಹವು ಹೋಲ್ಡಿಂಗ್ ಕರೆಂಟ್ ಎಂಬ ಮಿತಿಗಿಂತ ಕೆಳಗಿಳಿದಾಗ ಮಾತ್ರ ಬಿಡುಗಡೆ. ಔಟ್‌ಪುಟ್ ಹಾದಿಯಲ್ಲಿರುವ ಸಣ್ಣ ರೆಸಿಸ್ಟರಿನ ಮೇಲೆ ಸುಮಾರು 0.7 ವೋಲ್ಟ್ ಬೆಳೆದೊಡನೆ ಥೈರಿಸ್ಟರು ಚಾಲೂ ಆಗಿ, ಮುಖ್ಯ ಟ್ರಾನ್ಸಿಸ್ಟರಿನ ಬೇಸ್ ಪ್ರವಾಹವನ್ನು ತನ್ನೆಡೆಗೆ ಸೆಳೆದು ಪೂರೈಕೆಯನ್ನು ನಿಲ್ಲಿಸುತ್ತದೆ. ದೋಷ ಕ್ಷಣಿಕವಾಗಿದ್ದರೂ ಯಾರಾದರೂ ಬಂದು ಸ್ವಿಚ್ ಆರಿಸಿ ಹಾಕಬೇಕು. ರಾತ್ರಿ ಪಾಳಿಯಲ್ಲಿ ಇದರಿಂದಾಗುವ ನಷ್ಟವೇ ಸ್ವಯಂಚಾಲಿತ ರೀಸೆಟ್ಟಿನ ಬೇಡಿಕೆಗೆ ಕಾರಣ.

ಇದಕ್ಕೆ ಕೆಲವು ದುರಸ್ತಿಗಾರರು ಅನುಸರಿಸುವ ಅಡ್ಡದಾರಿಯೊಂದುಂಟು: ಥೈರಿಸ್ಟರಿನ ಹಾದಿಯ ರೆಸಿಸ್ಟರನ್ನು ಹೆಚ್ಚಿಸಿ, ಅದು ತಾನಾಗಿ ಬಿಟ್ಟುಕೊಳ್ಳುವಂತೆ ಮಾಡುವುದು. ಬಿಟಿ 151 ಮಾದರಿಯ ಹೋಲ್ಡಿಂಗ್ ಕರೆಂಟ್ ಗರಿಷ್ಠ 20 ಮಿಲಿ ಆಂಪಿಯರ್. 30 ವೋಲ್ಟಿನಿಂದ 1 ಕಿಲೋ ಓಮ್ ಮೂಲಕ ಸುಮಾರು 29 ಮಿಲಿ ಆಂಪಿಯರ್ ಹರಿಯುವುದರಿಂದ ಹಿಡಿತ ಖಚಿತ. 4.7 ಕಿಲೋ ಓಮ್ ಹಾಕಿದರೆ ಸುಮಾರು 6 ಮಿಲಿ ಆಂಪಿಯರ್ ಮಾತ್ರ. ಆಗ ಒಂದು ಬಿಡಿಭಾಗ ಹಿಡಿಯುತ್ತದೆ, ಅದೇ ಪೆಟ್ಟಿಗೆಯ ಇನ್ನೊಂದು ಬಿಡುತ್ತದೆ. ಮಿಗಿಲಾಗಿ ಉಷ್ಣತೆ ಏರಿದಂತೆ ಹೋಲ್ಡಿಂಗ್ ಕರೆಂಟ್ ಇಳಿಯುತ್ತದೆ. ಮುಂಜಾನೆ ತಾನಾಗಿ ಚೇತರಿಸಿಕೊಳ್ಳುವ ಯಂತ್ರ ಏಪ್ರಿಲ್ ತಿಂಗಳ ಮಧ್ಯಾಹ್ನ ಹಠ ಹಿಡಿದು ನಿಲ್ಲುವುದರ ಗುಟ್ಟು ಇದೇ. ಇಂತಹ ಏರ್ಪಾಡನ್ನು ರಕ್ಷಣೆಯೆನ್ನಲಾಗದು.

ಎರಡನೆಯ ವಿಧಾನದಲ್ಲಿ ಥೈರಿಸ್ಟರಿಗೆ ಫಿಲ್ಟರ್ ಕೆಪಾಸಿಟರಿನ ಹಿಂದಿನಿಂದಲೇ, ಡಯೋಡಿನಿಂದ ಬೇರ್ಪಡಿಸಿ, ಸಮಗೊಳಿಸದ ವಿದ್ಯುತ್ತನ್ನು ಕೊಡಲಾಗುತ್ತದೆ. 50 ಹರ್ಟ್ಸ್ ಪೂರೈಕೆಯಲ್ಲಿ ಅದು ಸೆಕೆಂಡಿಗೆ 100 ಬಾರಿ ಶೂನ್ಯಕ್ಕಿಳಿಯುವುದರಿಂದ ಥೈರಿಸ್ಟರು ಅಷ್ಟೇ ಬಾರಿ ಬಿಡುಗಡೆ ಹೊಂದುತ್ತದೆ. ಅಗ್ಗದ ಉಪಾಯವೇ ಸರಿ. ಆದರೆ ದೋಷ ಉಳಿದಿದ್ದರೆ ಮುಖ್ಯ ಟ್ರಾನ್ಸಿಸ್ಟರಿಗೂ ಸೆಕೆಂಡಿಗೆ 100 ಪೆಟ್ಟು.

ಒಪ್ಪತಕ್ಕ ವಿಧಾನವೆಂದರೆ 555 ಟೈಮರಿನದು. ನಿಗದಿತ ವಿರಾಮದ ನಂತರ ಅದು ಥೈರಿಸ್ಟರಿಗೆ ಸಮಾನಾಂತರವಾಗಿರುವ ಟ್ರಾನ್ಸಿಸ್ಟರನ್ನು ಹತ್ತು ಮಿಲಿಸೆಕೆಂಡ್ ಚಾಲೂ ಮಾಡುತ್ತದೆ. ಪ್ರವಾಹ ಆ ಹಾದಿಗೆ ತಿರುಗಿ ಥೈರಿಸ್ಟರು ಆರುತ್ತದೆ. ಟ್ರಾನ್ಸಿಸ್ಟರು ಬಿಟ್ಟೊಡನೆ ಪೂರೈಕೆ ಮರಳುತ್ತದೆ. ಇಲ್ಲಿ ವಿರಾಮದ ಅವಧಿಯೇ ಮುಖ್ಯ. ಹೊರೆಯ ಕೆಪಾಸಿಟರುಗಳು ತುಂಬಲೆಂದು ಪ್ರತಿ ಯತ್ನಕ್ಕೆ 50 ಮಿಲಿಸೆಕೆಂಡ್ ಬಿಟ್ಟು, ಆಗ ಪ್ರವಾಹವನ್ನು 6 ಆಂಪಿಯರಿಗೆ ಮಿತಿಗೊಳಿಸಿದೆ ಎಂದುಕೊಳ್ಳೋಣ. ಔಟ್‌ಪುಟ್ ಶಾರ್ಟ್ ಆಗಿದ್ದರೆ 30 ವೋಲ್ಟಿನ ಭಾರವೆಲ್ಲ ಮುಖ್ಯ ಟ್ರಾನ್ಸಿಸ್ಟರಿನ ಮೇಲೆ, ಅಂದರೆ 180 ವ್ಯಾಟ್. ವಿರಾಮ 5 ಸೆಕೆಂಡಾದರೆ ಸರಾಸರಿ 2 ವ್ಯಾಟಿಗೂ ಕಡಿಮೆ. ಅರ್ಧ ಸೆಕೆಂಡಾದರೆ ಸುಮಾರು 16 ವ್ಯಾಟ್. ಸಣ್ಣ ಹೀಟ್‌ಸಿಂಕ್ ಮೊದಲನೆಯದನ್ನು ತಡೆಯಬಲ್ಲದು, ಎರಡನೆಯದನ್ನಲ್ಲ. ಮೂರು ಯತ್ನಗಳ ಬಳಿಕವೂ ದೋಷವಿದ್ದರೆ ಘಟಕವು ಪೂರ್ಣ ನಿಂತು ದೀಪ ತೋರಿಸುವಂತಿರಬೇಕು. ಖರೀದಿ ಆದೇಶದಲ್ಲೇ ಇದನ್ನು ಬರೆದುಕೊಡುವುದು ಲೇಸು.

ಈ ಭಾಗದ ಉದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ರೀಸೆಟ್ ಗುಂಡಿಯಿರುವ ಸಾಮಾನ್ಯ ಥೈರಿಸ್ಟರ್ ಮಂಡಲವನ್ನು ಮನುಷ್ಯನೇ ರೀಸೆಟ್ ಮಾಡಬೇಕೆಂಬುದು ಅರ್ಧ ಸತ್ಯ. ಗಾಳಿಮಳೆಗೆ ಲೈನು ಹೋಗಿ ಕೆಪಾಸಿಟರು ಬರಿದಾದರೆ ಥೈರಿಸ್ಟರು ತಾನೇ ಆರುತ್ತದೆ. ವಿದ್ಯುತ್ ಮರಳಿದಾಗ ಯಂತ್ರವೂ ಮರಳುತ್ತದೆ. ದೋಷ ಹುಡುಕಲು ಒಳಗೆ ಕೈ ಹಾಕಿದವನಿಗೆ ಅದು ತಿಳಿಯದು. ತಿರುಗುವ ಭಾಗ, ಅಲಗು, ಕನ್ವೇಯರ್ ಇರುವಲ್ಲಿ ಕರೆಂಟು ಬಂದರೂ ಗುಂಡಿ ಒತ್ತುವವರೆಗೆ ಹಿಡಿಯದ ಕಾಂಟ್ಯಾಕ್ಟರ್ ಬೇರೆಯಾಗಿಯೇ ಇರಬೇಕು. ಅಲ್ಲಿ ಸ್ವಯಂಚಾಲಿತ ರೀಸೆಟ್ಟಿನ ಮಾತೇ ಬೇಡ.

ಅಧಿಕ ವೋಲ್ಟೇಜು ಬಂದಾಗ ಔಟ್‌ಪುಟ್ಟನ್ನೇ ಶಾರ್ಟ್ ಮಾಡಿ ಫ್ಯೂಸು ಹಾರಿಸುವ ಕ್ರೋಬಾರ್ ಮಂಡಲಕ್ಕೂ ಇದು ಸಲ್ಲದು. ಅಲ್ಲಿ ರೆಗ್ಯುಲೇಟರೇ ಕೆಟ್ಟಿರುವ ಸಂಭವ ಹೆಚ್ಚು. ರೀಸೆಟ್ ಆದರೆ ಅದೇ ವೋಲ್ಟೇಜು ಮತ್ತೆ ಯಂತ್ರದೊಳಗೆ ನುಗ್ಗುತ್ತದೆ. ಔಟ್‌ಪುಟ್ಟಿನಲ್ಲಿ ಬ್ಯಾಟರಿಯಿದ್ದರಂತೂ ಮೇನ್ಸ್ ಆರಿಸಿದರೂ ಬ್ಯಾಟರಿಯ ಪ್ರವಾಹದಿಂದ ಥೈರಿಸ್ಟರು ಹಿಡಿದೇ ಇರುತ್ತದೆ. ಆದುದರಿಂದ ಬ್ಯಾಟರಿಯ ತಂತಿಗೂ ಪ್ರತ್ಯೇಕ ಫ್ಯೂಸು ಅಗತ್ಯ.