ಬೀದರ್ ಬಿಸಿಲಿಗೊಂದು ಕಿವಿಮಾತು

ಬೆನ್ನಿಗೆ ಬ್ಯಾಗ್ ಏರಿಸಿ ಇಬ್ಬರೇ ಬೀದರ್ ನೋಡಲು ಹೊರಟಿದ್ದೀರಾ? ಸಂತೋಷ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲವನ್ನೂ ಒಂದೇ ದಿನ ಮುಗಿಸುವ ಹಟ ಬೇಡ. ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದುಂಟು.

ಕೋಟೆಯೊಳಗೆ ನಡಿಗೆ ಬಹಳ, ನೆರಳು ಕಡಿಮೆ, ಬೆಳಿಗ್ಗೆಯೇ ಹೋಗಿ. ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕುಸುರಿಯನ್ನು ನಿಧಾನವಾಗಿ ನೋಡಿ. ಮಧ್ಯಾಹ್ನ ನಾನಕ್ ಝೀರಾ ಗುರುದ್ವಾರದಲ್ಲಿ ತಲೆಗೆ ಬಟ್ಟೆ ಕಟ್ಟಿ, ಅಲ್ಲಿನ ಸಾಮೂಹಿಕ ಊಟದ ಮನೆಯಾದ ಲಂಗರಿನಲ್ಲಿ ಉಂಡು ದಣಿವಾರಿಸಿಕೊಳ್ಳಿ. 1472ರ ಮಹಮೂದ್ ಗಾವಾನ್ ಮದರಸಾ, ಅಷ್ಟೂರಿನ ಬಹಮನಿ ಗೋರಿಗಳು ಇಳಿಹೊತ್ತಿಗಿರಲಿ. ಭಾಲ್ಕಿ ಕೋಟೆ, ಔರಾದಿನ ಅಮರೇಶ್ವರ ಗುಡಿ ಎರಡೂ ಬೀದರ್‌ನಿಂದ ಸುಮಾರು 40 ಕಿ.ಮೀ. ದೂರ, ಅವನ್ನು ಮರುದಿನಕ್ಕೆ ಇಟ್ಟುಕೊಳ್ಳಿ.

ಬಾಯಾರುವ ಮುನ್ನವೇ ನೀರು ಕುಡಿಯಿರಿ. ತಲೆ ಸುತ್ತಿದರೆ ಮುಚ್ಚಿಡಬೇಡಿ, ಕೂಡಲೇ ನೆರಳಿಗೆ ಬನ್ನಿ. ಒಂದೆರಡು ಜಾಗ ಉಳಿದರೆ ಉಳಿಯಲಿ, ಇಬ್ಬರೂ ಗಟ್ಟಿಯಾಗಿ ಮನೆ ಸೇರಿ.